ರೆಕ್ಕೆ ಬುಡದ ಉಬ್ಬು

ಬೆಳಿಗ್ಗೆ ಬಡಗಿ ನಮ್ಮ ವಿಜಯನಗರದ ಮನೆಯ ಬಾಗಿಲು ಕಳಚಿ ಹೆರೆಯತೊಡಗಿದಾಗ ತೇಗದ ಪುಡಿಯ ವಾಸನೆ ವರಾಂಡ ತುಂಬಿತು. ಮಳೆಗೆ ಉಬ್ಬಿ ಕೂತಿದ್ದ ಬಾಗಿಲು. ಕೆಳಗೆ ಹೆರೆಯಿರಿ ಎಂದೆ. ಅವರು ಅಂಗೈಯಿಂದ ಅಂಚು ಸವರಿ, "ಕೆಳಗಲ್ಲ ಸಾರ್, ಮೇಲ್ಗಡೆ ಮೂಲೇಲಿ" ಎಂದರು. ನಾನು ಮುನಿಸಿಕೊಂಡು ಕುರ್ಚಿಗೊರಗಿದೆ. ವಾಸನೆ ಮೆಲ್ಲಗೆ ಎಪ್ಪತ್ತರ ದಶಕಕ್ಕೆ ಒಯ್ದಿತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವು ಅರ್ಧ ನಂಬಿದರೆ ಸಾಕು.

ಆಗ ನಾನು ವಿಶ್ವವಿದ್ಯಾಲಯದ ಒಲೆಯಿಂದ ಬಿಸಿಬಿಸಿಯಾಗಿ ಇಳಿದ ಎಂಜಿನಿಯರು. ಕಂಪನಿಗಳ ದೊಡ್ಡವರು ಓಡಾಡಲೆಂದು ಹತ್ತು ಸೀಟಿನ ಜೆಟ್ ಒಂದನ್ನು ನಮ್ಮ ಕಚೇರಿ ವಿನ್ಯಾಸ ಮಾಡುತ್ತಿತ್ತು. ರೆಕ್ಕೆ ಒಡಲಿಗೆ ಸೇರುವ ಬುಡದ ಗೆರೆ ಎಳೆಯುವ ಕೆಲಸ ನನ್ನದು. ವಿಮಾನದಲ್ಲಿ ಒಮ್ಮೆಯೂ ಕೂತಿರದ ನಾನು ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಆ ಗೆರೆಯನ್ನೇ ಕನವರಿಸುತ್ತಿದ್ದೆ. ಮಾಗಡಿ ರಸ್ತೆಯ ಮೇಲಿನ ಮೋಡಗಳೂ ಅದೇ ಬಾಗಿನಲ್ಲಿ ತೇಲುತ್ತಿದ್ದವು.

ಆ ಜೆಟ್ಟಿನ ಮರದ ಮಾದರಿ ಕೆತ್ತಿದವರು ನಮ್ಮ ಕಚೇರಿಯ ಬಡಗಿ ರುದ್ರಪ್ಪನವರು. ರಾಜಾಜಿನಗರದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಮನೆ. ಒಂದು ಭಾನುವಾರ ರೆಕ್ಕೆ ಬುಡದ ತುಂಡನ್ನು ಮನೆಗೇ ತಂದಿದ್ದರು. ಪೂಜೆ ಮುಗಿಸಿ, ಉಳಿದ ವಿಭೂತಿಯನ್ನು ಮರಕ್ಕೆ ತೆಳ್ಳಗೆ ಬಳಿದು, ಕಣ್ಣು ಮುಚ್ಚಿ ಅಂಗೈಯಿಂದ ಸವರಿದರು. ಉಬ್ಬಿದಲ್ಲಿ ಬೂದಿ ಅಳಿಸಿಹೋಗುತ್ತಿತ್ತು.

"ಇಲ್ಲಿ ಕೈ ನಿಲ್ತದೆ ಸಾರ್."

"ನಕ್ಷೆಯಂತೆ ತಾನೇ ಇದೆ?"

"ನಕ್ಷೆಯಂತೇ ಇದೆ. ಅದೇ ತೊಂದ್ರೆ."

ಒಳಗಿಂದ ಅವರ ಹೆಂಡತಿ, "ಎಲ್ಲಾ ವಿಮಾನಕ್ಕೇ ಬಳೀಬ್ಯಾಡ್ರಿ, ನಾಳೆ ಹಣೆಗೂ ಬೇಕು" ಎಂದರು.

"ಗಾಳಿಗೆ ಲೆಕ್ಕ ಗೊತ್ತು, ನಿಮ್ಮ ಕೈಗಲ್ಲ" ಎಂದೆ ನಾನು. ಇದೊಂದು ಮಾತು ಆಡಿದ್ದು ಖಚಿತ. ರುದ್ರಪ್ಪನವರು ನಕ್ಕು ಉಬ್ಬನ್ನು ಉಜ್ಜಿ ತೆಗೆದರು. ನಾನು ಬಿಗುಮಾನದಿಂದ ಮೆಟ್ಟಿಲು ಹತ್ತಿದೆ.

ಪರೀಕ್ಷೆಯ ದಿನ ಗಾಳಿ ಸುರಂಗದಲ್ಲಿ ಮಾದರಿಯಿಟ್ಟು ಗಾಳಿ ಬಿಟ್ಟಾಗ, ಅದಕ್ಕೆ ಅಂಟಿಸಿದ್ದ ಉಣ್ಣೆಯ ಎಳೆಗಳು ರೆಕ್ಕೆ ಬುಡದಲ್ಲಿ ಒಂದೂ ಹೊಯ್ದಾಡದೆ ನಿದ್ದೆಹೋದಂತೆ ಮಲಗಿದವು; ಗಾಳಿ ಎಲ್ಲೂ ತಡವರಿಸದೆ ಹರಿಯುತ್ತಿತ್ತು. "ಈ ಗೆರೆ ತಿದ್ದಿದ್ದು ಯಾರು?" ಎಂದರು ಮುಖ್ಯಸ್ಥರು. "ಸಾರೇ ತಿದ್ದಿದ್ದು" ಎಂದು ರುದ್ರಪ್ಪನವರು ನನ್ನತ್ತ ಕೈ ತೋರಿದರು, ನಾನು ಸುಮ್ಮನಿದ್ದೆ. ಹೊಸ ನಕ್ಷೆಯಲ್ಲಿ ನನ್ನ ಹೆಸರು ಬಂತು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಹೀಗೆ. ಆ ಜೆಟ್ ಹಾರಲೇ ಇಲ್ಲ, ಕಡತ ಸೇರಿತು. ರುದ್ರಪ್ಪನವರೂ ಈಗಿಲ್ಲ, ಕೇಳೋಣವೆಂದರೆ.

ಬಾಗಿಲು ಮತ್ತೆ ಕೂತು, ಸದ್ದಿಲ್ಲದೆ ಮುಚ್ಚಿಕೊಂಡಿತು. ನನ್ನ ಹೆಂಡತಿ ಬಂದು, "ಮೇಲ್ಗಡೆ ಇತ್ತಾ ತೊಂದ್ರೆ? ಯಾರು ಕಂಡುಹಿಡಿದಿದ್ದು?" ಎಂದಳು.

ಬಡಗಿ ನನ್ನ ಮುಖ ನೋಡುತ್ತ ನಿಂತರು. ಆ ನೋಟ ನನಗೆ ಗೊತ್ತಿತ್ತು. ಅಂದು ಮುಖ್ಯಸ್ಥರು ಕೇಳಿದಾಗ ರುದ್ರಪ್ಪನವರೂ ಹೀಗೇ ನಿಂತಿದ್ದರು, ಆ ಉಬ್ಬು ಸವರಿದ ಅಂಗೈ ಮಡಿಸಿಕೊಂಡು. ಅವರು ಬಾಯಿ ತೆರೆದಿರಲಿಲ್ಲ. "ನಾನೇ ಸಾರ್" ಎಂದವನು ನಾನು.

"ಇವರೇ ಕಣೇ," ಎಂದೆ. "ನಾನು ಕೆಳಗೆ ಹೆರೀರಿ ಅಂದಿದ್ದೆ."