ಕಂಪ್ಯೂಟರ್ ಜೋಡಿಸಿದ ಭಾನುವಾರಗಳು

ನನಗೆ ನಿಶ್ಚಿತಾರ್ಥವಾದ ವರ್ಷ ಮಕ್ತಲ್‌ನ ನಮ್ಮ ಮನೆಗೆ ಒಂದು ಕಂಪ್ಯೂಟರ್ ಬೇಕಾಯಿತು. ನಾರಾಯಣಪೇಟೆಯ ವ್ಯಾಪಾರಿಗಳಿಗೆ ನಾನು ಸೀರೆಯ ಅಂಚು, ಸೆರಗಿನ ನಕ್ಷೆ ಬರೆದುಕೊಡುತ್ತಿದ್ದೆ. ಕಾಗದದ ಮೇಲೆ ಬೇಡ, ಕಂಪ್ಯೂಟರಿನಲ್ಲೇ ಮಾಡಿ ಕಳಿಸಿ ಎಂದು ಅವರು ಹೇಳತೊಡಗಿದ್ದರು. ಅಪ್ಪ ನನ್ನನ್ನು ಅಲ್ಲಿಯ ಅಂಗಡಿಯೊಂದಕ್ಕೆ ಕರೆದೊಯ್ದರು. ಗಾಜಿನ ಪೆಟ್ಟಿಗೆಯೊಳಗೆ ಬಣ್ಣದ ದೀಪ ಮಿನುಗುವ ರೆಡಿಮೇಡ್ ಯಂತ್ರ. ಬೆಲೆ ಕೇಳಿದ ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬಂದರು.

ನನ್ನನ್ನು ಮದುವೆಯಾಗಲಿದ್ದವರು ಗದ್ವಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ವಿಷಯ ತಿಳಿದು ಫೋನ್ ಮಾಡಿದರು. "ಅಷ್ಟು ರೊಕ್ಕ ಯಾಕ ಹಾಕ್ತೀರಿ ಮಾವಾರ? ಸಾಮಾನು ತರಿಸ್ರಿ, ನಾ ಬಂದು ಜೋಡಸ್ತೀನಿ."

ಬಿಡಿಭಾಗಗಳು ಬಂದ ಮೇಲೆ ಮೊದಲ ಭಾನುವಾರ ಅವರು ಜುರಾಲ ಡ್ಯಾಮಿನ ಮೇಲಿಂದ ಬರುವ ಬಸ್ಸಿಗೆ ಬಂದರು. ಪಡಸಾಲೆಯಲ್ಲಿ ಬಿಳಿ ದುಪ್ಪಟಿ ಹಾಸಿ ಕೂತೆವು. ಬಾಗಿಲ ಬಳಿ ಅಮ್ಮ ತೊಗರಿಬೇಳೆ ಆರಿಸುತ್ತಾ ಕಾವಲಿದ್ದಳು. ಬೇರೆ ಮಾತು ಆಡುವಂತಿರಲಿಲ್ಲ.

"ಇದು ಮದರ್‌ಬೋರ್ಡ್ ರೀ. ಅಂಚು ಹಿಡೀರಿ, ನಡುವ ಮುಟ್ಟಬ್ಯಾಡ್ರಿ."

"ಹಿಂಗೇನ್ರಿ?"

"ಹಂಗ. ನಿಮ್ಮ ಕೈ ಭಾಳ ಹಗೂರ ಐತಿ."

ಅಷ್ಟೇ ಮಾತಿನ ಮೇಲೆ ನಾನು ವಾರವಿಡೀ ಬದುಕಿದೆ.

ಎರಡನೆಯ ಭಾನುವಾರ ಮುಕ್ಕಾಲು ಕೆಲಸವಾಯಿತು. ಮೂರನೆಯದಕ್ಕೆ ಕಾಲೇಜಿನಲ್ಲಿ ಪರೀಕ್ಷೆ ಎಂದು ಅವರು ಬರಲಿಲ್ಲ. ಆ ದಿನ ಪ್ರತಿ ಬಸ್ಸಿನ ಹಾರನ್ನಿಗೂ ನನ್ನ ಕತ್ತು ಬಾಗಿಲ ಕಡೆ ಹೊರಳುತ್ತಿತ್ತು. ಮರುದಿನ ತಡೆಯಲಾರದೆ ನಾನೇ ಕೂತೆ. ಅವರು ತೋರಿಸಿದ್ದನ್ನು ನೆನೆಯುತ್ತ, ಉಳಿದಿದ್ದನ್ನು ಫೋನಿನಲ್ಲಿ ನೋಡುತ್ತ ಒಂದೊಂದೇ ವಾಯರ್ ಸಿಕ್ಕಿಸಿದೆ. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಒಬ್ಬಳೇ ಜೋರಾಗಿ ನಕ್ಕೆ.

ಮರುಗಳಿಗೆಗೇ ಹೊಳೆಯಿತು: ಕೆಲಸ ಮುಗಿದರೆ ಅವರು ಬರುವುದಾದರೂ ಯಾಕೆ? ಮದುವೆಗೆ ಇನ್ನೂ ಮೂರು ತಿಂಗಳಿತ್ತು. ಯಂತ್ರ ಬಂದ್ ಮಾಡಿ, ದಪ್ಪನೆಯ ವಾಯರೊಂದನ್ನು ಕಿತ್ತು, ಮುಚ್ಚಳ ಹಾಕಿ ಮೊದಲಿನಂತೆಯೇ ಇಟ್ಟೆ.

ಮುಂದಿನ ಭಾನುವಾರ ಅವರು ಮುಚ್ಚಳ ತೆಗೆದವರೇ ಒಳಗೆಲ್ಲ ನೋಡಿದರು. ಆ ವಾಯರ್ ಸಿಕ್ಕಿಸಿ ಸ್ವಿಚ್ ಒತ್ತಿದರು. ಎಲ್ಲವೂ ಒಮ್ಮೆಲೇ ಬೆಳಗಿತು. ನನ್ನನ್ನೇ ನೋಡಿದರು. ನಾನು ದುಪ್ಪಟಿಯ ಮೇಲಿನ ಸ್ಕ್ರೂ ಆಯುತ್ತಾ ತಲೆ ಎತ್ತಲಿಲ್ಲ.

"ಆತೇನ್ರಿ?" ಬಾಗಿಲಿಂದ ಅಮ್ಮ ಕೇಳಿದಳು.

ಅವರು ಸ್ವಿಚ್ ಬಂದ್ ಮಾಡಿ, ಮೆಮರಿಯ ಹಸಿರು ಪಟ್ಟಿಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು.

"ಇಲ್ರೀ ಅತ್ತಿ. ಮೆಮರಿ ಸರಿ ಇಲ್ಲ. ಬದಲಿ ಮಾಡಾಕ ಬೇಕು. ಮುಂದಿನ ವಾರ ಬರ್ತೀನಿ."

ಒಳಗಿಂದ ಅಪ್ಪನ ದನಿ ಬಂತು: "ರೆಡಿಮೇಡ್ ತಂದಿದ್ರ ಒಂದ ದಿನದಾಗ ಮುಗೀತಿತ್ತು." ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಹೀಗೆ ಮದುವೆಯ ಹಿಂದಿನ ವಾರದವರೆಗೂ ಆ ಕಂಪ್ಯೂಟರ್ ಮುಗಿಯಲೇ ಇಲ್ಲ. ಆಮೇಲೆ ಅದು ನನ್ನ ಜೊತೆ ಗದ್ವಾಲಕ್ಕೆ ಬಂತು. ಈಗಲೂ ಅದರಲ್ಲೇ ಸೀರೆಯ ನಕ್ಷೆ ಮಾಡುತ್ತೇನೆ. ಅವರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆನ್‌ಲೈನ್ ಪಾಠ ಹೇಳುತ್ತಾರೆ. ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ಆದರೂ ಎಷ್ಟೋ ದಿನ ಊಟದ ಮಾತು ಬಿಟ್ಟರೆ ಬೇರೆ ಮಾತೇ ಆಗುವುದಿಲ್ಲ. ಜಗಳವೇನೂ ಇಲ್ಲ, ಒಳ್ಳೆಯ ಮನುಷ್ಯ. ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿರುವಾಗಲೇ ವಾರಕ್ಕೊಮ್ಮೆ ಬಸ್ಸಿಳಿದು ಬರುತ್ತಿದ್ದ ಆಗಿನ ಅವರಿಗಾಗಿ ನನ್ನ ಜೀವ ಎಳೆಯುತ್ತದೆ.