ಐದು ನಿಮಿಷದಮ್ಮನ ನೋಟ್‌ಬುಕ್

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಆಕೆ ಐದು ನಿಮಿಷದಮ್ಮ. ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿಗೆ ಕೂತು, ಅಲ್ಲಿ ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಆಕೆಯ ಕೆಲಸ. ಐದು ನಿಮಿಷಕ್ಕೆ ಸರಿಯಾಗಿ ಮುಂದಿನವರು ಬಂದು ಭುಜ ಮುಟ್ಟುತ್ತಾರೆ. ಎದ್ದು ಹೋಗಿ ಟೈಪ್ ಮಾಡಿ ಕೊಡಬೇಕು. ಇಪ್ಪತ್ತಾರು ವರ್ಷ ಬೈಗುಳ, ಹಾರಿಕೆಯ ಉತ್ತರ, ಸುಳ್ಳು ಭರವಸೆ ಎಲ್ಲ ಬರೆದಿದ್ದಳು. ಒಂದಕ್ಷರ ಸೇರಿಸಿದವಳಲ್ಲ, ಬಿಟ್ಟವಳೂ ಅಲ್ಲ. ಆ ಗೀಟುಗಳನ್ನು ಓದಲು ಆಕೆಯೇ ಬೇಕು. "ಏನೇ ಇದು, ಕೋಳಿ ಕೆದರಿದ ಹಾಗಿದೆ!" ಎಂದು ಅತ್ತೆ ಗೇಲಿ ಮಾಡುತ್ತಿದ್ದಳು.

ಆ ದಿನ ಸಭೆಯ ಮುಂದೆ ಬಂದದ್ದು ನ್ಯಾಯಾಧೀಶರ ಮಸೂದೆ. ಸರ್ಕಾರಕ್ಕೆ ಬೇಡವಾದ ನ್ಯಾಯಾಧೀಶರನ್ನು ಒಂದು ಪತ್ರ ಬರೆದು ಮನೆಗೆ ಕಳಿಸಬಹುದು, ಕಾರಣವನ್ನೂ ಕೊಡಬೇಕಾಗಿಲ್ಲ. ಎಂಥ ಸೊಕ್ಕು ನೋಡಿ! ಅಂಥ ಮಸೂದೆ ತಂದ ಪಕ್ಷದ ಅರ್ಧ ಜನ ಕ್ಯಾಂಟೀನಿನಲ್ಲಿ ಹರಟೆ ಹೊಡೆಯುತ್ತಿದ್ದರು. ವಿರೋಧ ಪಕ್ಷದವರು ಎದ್ದು ನಿಂತು "ಎಣಿಸಿ, ತಲೆ ಎಣಿಸಿ" ಎಂದು ಗಂಟಲು ಹರಿದುಕೊಂಡರು. ಸಭಾಧ್ಯಕ್ಷರು ತಲೆ ಎತ್ತದೆ "ಅಂಗೀಕಾರ, ಅಂಗೀಕಾರ" ಎಂದು ಗೊಣಗಿ ಎದ್ದು ನಡೆದೇಬಿಟ್ಟರು. ಎಲ್ಲ ಸೇರಿ ನಲವತ್ತು ಸೆಕೆಂಡು. ಆಗ ಬರೆಯುವ ಸರದಿ ಆಕೆಯದು. ವಿರೋಧ ಪಕ್ಷದವರು ಹನ್ನೊಂದು ಸಲ "ಎಣಿಸಿ" ಎಂದಿದ್ದರು. ಹನ್ನೊಂದು ಸಲವೂ ಬರೆದಳು.

ಮರುದಿನ ಅಚ್ಚಾಗಿ ಬಂದ ನಡಾವಳಿ ನೋಡಿ ಆಕೆಯ ಮೈಯೆಲ್ಲ ಉರಿದುಹೋಯಿತು. 'ಮತ ಎಣಿಕೆ ನಡೆಯಿತು. ಪರ ಅರವತ್ತೊಂದು, ವಿರುದ್ಧ ನಲವತ್ತು.' ಬರೆದುಕೊಂಡವರ ಜಾಗದಲ್ಲಿ ಆಕೆಯದೇ ಹೆಸರು.

ನೇರ ಕಾರ್ಯದರ್ಶಿಯ ಕೋಣೆಗೆ ನುಗ್ಗಿದಳು. "ಯಾವಾಗ ಎಣಿಸಿದ್ರಿ? ನಾನೇನು ಅಲ್ಲಿ ನಿದ್ದೆ ಹೊಡೀತಿದ್ನಾ?"

"ಕೂಗಾಡಬೇಡಿ. ನೋಟ್‌ಬುಕ್ ಇಲ್ಲಿ ಕೊಡಿ, ಅಚ್ಚಾದ ಮೇಲೆ ಅದನ್ನ ಹರಿದು ಹಾಕೋದು ನಿಯಮ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ತೆಪ್ಪಗಿರಿ."

"ಕಳೆದುಹೋಯ್ತು" ಎಂದಳು. ನೋಟ್‌ಬುಕ್ ಕೈಚೀಲದಲ್ಲೇ ಇತ್ತು. ಅವರು ಅಷ್ಟು ದೊಡ್ಡ ಸುಳ್ಳನ್ನು ಅಚ್ಚು ಹಾಕಿಸಿದ್ದರು, ಈಕೆ ಇಷ್ಟು ಚಿಕ್ಕದನ್ನು ಹೇಳಬಾರದೇ?

ಎಣಿಕೆ ನಡೆದೇ ಇಲ್ಲವೆಂದು ವಿರೋಧ ಪಕ್ಷದವರು ನ್ಯಾಯಾಲಯಕ್ಕೆ ಹೋದರು. ಸಾಕ್ಷಿ ಹೇಳಿದರೆ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಆಕೆ ನೋಟ್‌ಬುಕ್ ಹಿಡಿದು ಕಟಕಟೆ ಹತ್ತಿದಳು. ನ್ಯಾಯಾಧೀಶರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಸದನದೊಳಗೆ ನಡೆದದ್ದು ಸದನದ ವಿಷಯಮ್ಮ. ಅವರ ಕೆಲಸ ಅವರದು, ನಮ್ಮದು ನಮ್ಮದು. ಆ ಬಾಗಿಲು ನಾವು ತೆಗೆಯೋ ಹಾಗಿಲ್ಲ."

"ನಲವತ್ತೇ ಸೆಕೆಂಡು ಸ್ವಾಮಿ, ಕೇಳಿಬಿಡಿ."

"ಬೇಡ. ಇಳಿಯಿರಿ."

"ಸರಿ, ನೀವು ಅವರ ಬಾಗಿಲು ತೆಗೀಬೇಡಿ! ಅವರು ನಿಮ್ಮ ಬಾಗಿಲು ಒದ್ದುಕೊಂಡು ಒಳಗೆ ಬರ್ತಾರೆ, ಆಗ ನೋಡ್ಕೊಳ್ಳಿ!"

ಪೊಲೀಸರು ರಟ್ಟೆ ಹಿಡಿದು ಹೊರಗೆ ಬಿಟ್ಟರು. ವಾರದೊಳಗೆ ಕೆಲಸವೂ ಹೋಯಿತು. ಆಕೆ ಮನೆಯಲ್ಲೇ ಊಟದ ಮೇಜಿನ ಮೇಲೆ ಮಷಿನ್ ಇಟ್ಟುಕೊಂಡು ಊರವರ ಅರ್ಜಿ ಟೈಪ್ ಮಾಡತೊಡಗಿದಳು. ಕೀಲಿಗಳನ್ನು ಕುಟ್ಟುವ ಸದ್ದಿಗೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಮೆಲ್ಲಗೆ ಹೊಡಿಯೇ, ಅದೇನು ಮಾಡ್ತು ಪಾಪ!"

ಐದು ತಿಂಗಳಾಯಿತು. ಅದೇ ನ್ಯಾಯಾಧೀಶರು ಮಂತ್ರಿಯೊಬ್ಬನ ತಮ್ಮನಿಗೆ ಜಾಮೀನು ಕೊಡಲಿಲ್ಲ. ಮರುದಿನವೇ ಅವರ ಕೈಗೆ ಪತ್ರ ಬಂತು, ಕಾರಣವಿಲ್ಲದ ಪತ್ರ.

ಒಂದು ಸಂಜೆ ಅವರು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಆಕೆಯ ಬಾಗಿಲಲ್ಲಿ ನಿಂತರು. "ಆ ನೋಟ್‌ಬುಕ್ ಇನ್ನೂ ಇದೆಯೇನಮ್ಮಾ?"

"ಈಗ ನೆನಪಾಯ್ತಾ?" ಎಂದಳು ಅತ್ತೆ ಒಳಗಿನಿಂದ.

ಆಕೆಗೆ ಬಾಗಿಲನ್ನು ಮುಖಕ್ಕೇ ಹಾಕಬೇಕೆನ್ನಿಸಿತು. ಹಾಕಲಿಲ್ಲ. ಕಪಾಟಿನಿಂದ ನೋಟ್‌ಬುಕ್ ತೆಗೆದು, ನಿಂತಲ್ಲೇ ಓದಿದಳು. ಹನ್ನೊಂದು ಸಲ "ಎಣಿಸಿ", ಎರಡು ಸಲ "ಅಂಗೀಕಾರ". ನಲವತ್ತು ಸೆಕೆಂಡಿನಲ್ಲಿ ಮುಗಿಯಿತು.

ಅವರು ಬಗ್ಗಿ ಆ ಗೀಟುಗಳನ್ನು ನೋಡಿದರು. "ಮತ್ತೆ ಕೇಸು ಹಾಕ್ತೀನಿ. ಇದನ್ನ ಕೋರ್ಟಲ್ಲಿ ಓದ್ತೀರಾ?"

"ಓದ್ತೀನಿ ಸ್ವಾಮಿ, ಗಂಟಲು ಬಿದ್ದುಹೋಗೋ ತನಕ ಓದ್ತೀನಿ" ಎಂದಳು. ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದಳು. "ಆದರೆ ಯಾರ ಮುಂದೆ? ನಿಮ್ಮ ಕುರ್ಚಿಯಲ್ಲಿ ಈಗ ಕೂತಿರೋನು ಅವರು ಕಳಿಸಿದೋನು."