ಬೆಳ್ಳಗಾದ ಕಾವಲಿ

ಎಂಬತ್ತರ ದಶಕದ ಮಾತು. ಎಣ್ಣೆ ಕಡಿಮೆ ಮಾಡಿ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದ ವಾರವೇ ಜಯನಗರದ ಫೋರ್ತ್ ಬ್ಲಾಕಿಗೆ ಹೋಗಿ ನಾನ್‌ಸ್ಟಿಕ್ ಕಾವಲಿ ಕೊಂಡೆ. "ಆರೋಗ್ಯಕ್ಕೆ ಒಳ್ಳೇದು ಮೇಡಂ, ಎಣ್ಣೇನೇ ಬೇಡ" ಎಂದ ಅಂಗಡಿಯವನು. ಆ ಹುಮ್ಮಸ್ಸಿನಲ್ಲಿ, ಅತ್ತೆ ತವರಿನಿಂದ ತಂದಿದ್ದ ಕಬ್ಬಿಣದ ಕಾವಲಿಯನ್ನು ಹಳೇ ಕಬ್ಬಿಣದವನಿಗೆ ಹಾಕಿಬಿಟ್ಟೆ.

ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜದಿದ್ದರೆ ಯಾವ ಪಾತ್ರೆಯೂ ಅತ್ತೆಗೆ ಶುದ್ಧವೆನಿಸುತ್ತಿರಲಿಲ್ಲ. ಈ ಹೊಸ ಕಾವಲಿಯನ್ನು ಸ್ಪಂಜಿನಲ್ಲಿ ಮೆತ್ತಗೆ ಒರೆಸಬೇಕು ಎಂದೆ. "ಅದೇನು ತೊಳೆಯೋದೋ, ಸವರೋದೋ!" ಎಂದರು. ದಿನಾ ಜಗಳವಾಡುವ ತ್ರಾಣ ನನಗಿರಲಿಲ್ಲ. ಕಾವಲಿಯನ್ನೂ ಅವರ ನಾರು-ಬೂದಿಗೇ ಬಿಟ್ಟೆ.

ಎರಡೇ ತಿಂಗಳಲ್ಲಿ ದೋಸೆಯ ಮೇಲೆ ಕಪ್ಪು ಚೂರುಗಳು ಕಾಣತೊಡಗಿದವು. "ಅಮ್ಮ, ಎಳ್ಳು ಹಾಕಿದೀಯಾ?" ಎಂದು ಮಗಳು ಕೇಳಿದಳು.

"ಸೀದಿದೆ, ಸುಮ್ನೆ ತಿನ್ನು" ಎಂದು ಗದರಿದೆ. ಸೀದದ್ದಲ್ಲ, ಕಾವಲಿಯಿಂದ ಕಿತ್ತುಬರುತ್ತಿದ್ದ ಕಪ್ಪು ಲೇಪ ಎಂದು ನನಗೆ ಗೊತ್ತಿತ್ತು. ಆದರೆ ಕಾವಲಿಯನ್ನು ಎಸೆದರೆ ಅತ್ತೆಯ ಮುಂದೆ ತಪ್ಪು ಒಪ್ಪಿಕೊಂಡ ಹಾಗೆ. ನನ್ನ ಹಾಳು ಹಟ ಬಿಡಲಿಲ್ಲ.

ಯುಗಾದಿಯ ಹಿಂದಿನ ದಿನ, ತಿಂಡಿ ಹೊತ್ತಿಗೆ, ಅತ್ತೆ ಬಚ್ಚಲಿನಿಂದ ಕಾವಲಿ ಎತ್ತಿಕೊಂಡು ಬಂದರು. ಅದು ಬೆಳ್ಳಗೆ ಹೊಳೆಯುತ್ತಿತ್ತು.

"ನೋಡೇ, ಎಷ್ಟು ಕೊಳೆ ಇತ್ತು! ಈಗ ಪೂರ್ತಿ ಹೋಯ್ತು" ಎಂದು ನಗುತ್ತಾ ನನ್ನ ಕೈಗಿಟ್ಟರು.

ಹೋದದ್ದೆಲ್ಲ ಬಚ್ಚಲಿಗೇ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಮಗಳು ದೋಸೆಯ ಕೊನೆಯ ಚೂರನ್ನು ಚಟ್ನಿಗೆ ಒರೆಸಿ ಬಾಯಿಗಿಟ್ಟುಕೊಳ್ಳುತ್ತಿದ್ದಳು.